ಕಾಕಾನ ಟ್ರಂಕಿನ ‘ಬೀಟಾ’ ಸಿಡಿ: ಖರೇನಾ ಅಂತ ನೋಡುವುದು ಹೇಗೆ?

ಪ್ರಶ್ನೆ: ಸರ್, ನಮಸ್ಕಾರ. ನಾನು ಹುಬ್ಬಳ್ಳಿಯ ಕೇಶ್ವಾಪುರದವಳು. ಬಿಸಿಎ ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮ ಕಾಕಾ 2001ರಿಂದ 2007ರ ತನಕ ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ಸೈಬರ್ ಕೆಫೆ ನಡೆಸುತ್ತಿದ್ದರು. ಮೊನ್ನೆ ಮನೆಗೆ ಸುಣ್ಣ ಹಚ್ಚುವಾಗ ಅಟ್ಟದಿಂದ ಅವರ ಟ್ರಂಕು ಇಳಿಸಿದೆವು. ಅದರಲ್ಲಿ ಸುಮಾರು 60 ಸಿಡಿ, 11 ಫ್ಲಾಪಿ, ಹೆಸರಿಲ್ಲದ ಒಂದು ವಿಡಿಯೊ ಗೇಮ್ ಕ್ಯಾಸೆಟ್ ಇವೆ. ಒಂದು ಸಿಡಿಯ ಮೇಲೆ ಮಾರ್ಕರ್‌ನಿಂದ ‘ಸಿ.ಎಸ್. ಬೀಟಾ’ ಅಂತ ಬರೆದಿದೆ. ಇದು ಕೌಂಟರ್ ಸ್ಟ್ರೈಕ್ ಅನ್ನುವ ಶೂಟಿಂಗ್ ಗೇಮಿನ ಬಿಡುಗಡೆಗೆ ಮುಂಚಿನ ಆವೃತ್ತಿ ಇರಬಹುದಾ? ಖಾತ್ರಿ ಮಾಡಿಕೊಳ್ಳುವುದು ಹೇಗೆ? ಇಂಥವನ್ನು ಹುಡುಕಿ, ಅಭ್ಯಾಸ ಮಾಡಿ, ದಾಖಲಿಸುವ ಅಭಿಮಾನಿಗಳು ಇದ್ದಾರೆ ಅಂತ ಓದಿದ್ದೇನೆ. ನನಗೂ ಆ ಕೆಲಸ ಮಾಡುವ ಆಸೆ. ಗೆಳತಿ ‘ಮಾರಿಬಿಡು’ ಅನ್ನುತ್ತಾಳೆ. ಅಪ್ಪ ‘ಪೂರ್ತಿ ಮುಗಿದ ಗೇಮ್ ಇರುವಾಗ ಅರೆಬರೆ ಗೇಮ್ ಯಾರಿಗೆ ಬೇಕು’ ಅಂತಾರೆ. ಕಾನೂನಿನ ತೊಂದರೆ ಏನಾದರೂ ಇದೆಯಾ ಅನ್ನುವುದನ್ನೂ ತಿಳಿಸಿ.

ಉತ್ತರ: ನಾನು ಧಾರವಾಡದಲ್ಲಿ ಕಂಪ್ಯೂಟರ್ ಕಲಿಸುವವನು. ನೀನು ನನ್ನ ವಿದ್ಯಾರ್ಥಿಗಳ ವಯಸ್ಸಿನವಳು. ಹಾಗಾಗಿ ತಂಗಿ ಅಂತಲೇ ಕರೆಯುತ್ತೇನೆ.

ತಂಗಿ, ಮುಂದೆ ಓದುವ ಮೊದಲು ಒಂದು ಕೆಲಸ ಮಾಡು. ಟ್ರಂಕಿನಲ್ಲಿ ಸಿಡಿಗಳು ಯಾವ ಕ್ರಮದಲ್ಲಿ ಇದ್ದವೋ ಹಾಗೇ ಇಟ್ಟು ಫೋಟೊ ತೆಗೆ. ಮೇಲಿಂದ ಒಂದು, ಪಕ್ಕದಿಂದ ಒಂದು. ಆಮೇಲೆ ಒಂದೊಂದೇ ಸಿಡಿಯ ಎರಡೂ ಮುಖ, ಕವರ್, ಒಳಗಿದ್ದ ಚೀಟಿ. ಮಾರ್ಕರ್ ಬರಹವನ್ನು ಒರೆಸಬೇಡ. ಯಾವ ಸಿಡಿ ಯಾವುದರ ಪಕ್ಕ ಇತ್ತು ಅನ್ನುವುದು ಕೂಡ ಒಂದು ಸಾಕ್ಷಿ. 2002ರ ಪತ್ರಿಕೆಯ ಜೊತೆ ಬಂದ ಎರಡು ಸಿಡಿಗಳ ನಡುವೆ ಇದು ಕೂತಿದ್ದರೆ, ಅದೇ ಹೊತ್ತಿಗೆ ಬಂದದ್ದಿರಬಹುದು ಅಂತ ಒಂದು ಎಳೆ ಸಿಗುತ್ತದೆ. ಒಮ್ಮೆ ಎಲ್ಲ ಕಲಸಿಬಿಟ್ಟರೆ ಆ ಎಳೆ ಮತ್ತೆ ಸಿಗುವುದಿಲ್ಲ. ಸುಣ್ಣದ ಧೂಳು, ಬಿಸಿಲು, ತೇವ ಇವುಗಳಿಂದ ಟ್ರಂಕನ್ನು ದೂರ ಇಡು. ಆಸೆಯಾಯಿತು ಅಂತ ಒಂದಾದ ಮೇಲೊಂದು ಡ್ರೈವಿಗೆ ಹಾಕಿ ನೋಡುವುದೂ ಬೇಡ.

ಈಗ ನಿನ್ನ ಮೊದಲ ಪ್ರಶ್ನೆ. ಸಿಡಿಯ ಮೇಲಿನ ಬರಹ ಸಾಕ್ಷಿಯಲ್ಲ. ಒಳಗಿನ ಕಡತಗಳೇ ಸಾಕ್ಷಿ. ಬೀಟಾ ಇರುವ ಸಾಧ್ಯತೆ ಖಂಡಿತ ಇದೆ, ಯಾಕೆಂದರೆ ಕೌಂಟರ್ ಸ್ಟ್ರೈಕ್‌ನ ಹುಟ್ಟೇ ಹಾಗೆ. ಅದು ಮೊದಲಿಗೆ ಯಾವ ಕಂಪನಿಯ ಗೇಮೂ ಆಗಿರಲಿಲ್ಲ. 1998ರಲ್ಲಿ ಬಂದ ಹಾಫ್ ಲೈಫ್ ಗೇಮಿನ ಮೇಲೆ ಇಬ್ಬರು ಹುಡುಗರು ಕಟ್ಟಿದ ಮಾಡ್ ಅದು, ಅಂದರೆ ಇದ್ದ ಗೇಮನ್ನೇ ಬದಲಿಸಿ ಮಾಡಿದ ಹೊಸ ಆಟ. 1999ರ ಜೂನ್‌ನಲ್ಲಿ ಮೊದಲ ಬೀಟಾವನ್ನು ಎಲ್ಲರಿಗೂ ಪುಕ್ಕಟೆಯಾಗಿ ಕೊಟ್ಟರು. ಮುಂದೆ ಒಂದಾದ ಮೇಲೊಂದು ಬೀಟಾ ಬಂದವು. ಹಾಫ್ ಲೈಫ್ ಮಾಡಿದ ವಾಲ್ವ್ ಕಂಪನಿ ಇದನ್ನು ಕೈಗೆತ್ತಿಕೊಂಡಿತು. 2000ದ ನವೆಂಬರ್‌ನಲ್ಲಿ ಅಂಗಡಿಯಲ್ಲಿ ಸಿಗುವ ಗೇಮ್ ಆಯಿತು. ನಮ್ಮ ಕೆಫೆಗಳಲ್ಲಿ ಹುಡುಗರು ಸಂಜೆಯಿಡೀ ಕೂಗಾಡುತ್ತಾ ಆಡುತ್ತಿದ್ದ 1.6 ಬಂದದ್ದು ಇನ್ನೂ ಆಮೇಲೆ, 2003ರಲ್ಲಿ.

ಅಂದರೆ ಇಲ್ಲಿ ಬೀಟಾ ಅನ್ನುವುದು ಕಂಪನಿಯ ಬೀರುವಿನಲ್ಲಿ ಅಡಗಿದ್ದ ಗುಟ್ಟಲ್ಲ. ಲೋಕಕ್ಕೆಲ್ಲ ಹಂಚಿದ ವಸ್ತು. ಹಾಗಂತ ಬೆಲೆ ಕಡಿಮೆ ಅಂತಲ್ಲ. ಎಲ್ಲರ ಹತ್ತಿರ ಇದ್ದದ್ದು ಎಷ್ಟು ಬೇಗ ಯಾರ ಹತ್ತಿರವೂ ಇಲ್ಲದಂತೆ ಆಗುತ್ತದೆ ಅನ್ನುವುದಕ್ಕೆ ಮುಂದೆ ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಕಾಕಾ ಕೆಫೆ ತೆರೆದದ್ದು 2001ರಲ್ಲಿ. ಅಷ್ಟರಲ್ಲಿ ಬೀಟಾ ಕಾಲ ಮುಗಿದಿತ್ತು. ಆದರೆ ಆಗ ಇಂಟರ್ನೆಟ್ ಎಷ್ಟು ನಿಧಾನ ಇತ್ತು ಅನ್ನುವುದು ನಿನಗೆ ಗೊತ್ತಿರಲಿಕ್ಕಿಲ್ಲ. ಗೇಮ್‌ಗಳು ತಂತಿಯಲ್ಲಿ ಬರುತ್ತಿರಲಿಲ್ಲ, ಕೈಯಿಂದ ಕೈಗೆ ಸಿಡಿಯಲ್ಲಿ ಬರುತ್ತಿದ್ದವು. ಹಳೆಯ ಆವೃತ್ತಿ ಒಂದೆರಡು ವರ್ಷ ತಡವಾಗಿ ಹುಬ್ಬಳ್ಳಿ ಮುಟ್ಟಿದರೆ ಆಶ್ಚರ್ಯ ಇಲ್ಲ.

ಮೊದಲು ಸಿಡಿಯ ನಕಲು ತೆಗೆ. ಅಂಚನ್ನಷ್ಟೇ ಹಿಡಿ. ಧೂಳಿದ್ದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸು. ಸುತ್ತ ತಿರುಗಿಸಿ ಒರೆಸಿದರೆ ಗೀರು ಡೇಟಾದ ಜಾಡಿನ ಉದ್ದಕ್ಕೇ ಬೀಳುತ್ತದೆ. ಕಡತಗಳನ್ನು ಎಳೆದು ಫೋಲ್ಡರಿಗೆ ಹಾಕಿಕೊಳ್ಳುವುದು ಸಾಲದು. ಇಡೀ ಸಿಡಿಯ ಇಮೇಜ್ ಬೇಕು, ಅಂದರೆ ಮೊದಲಿನಿಂದ ಕೊನೆಯವರೆಗೆ ಇದ್ದದ್ದು ಇದ್ದ ಹಾಗೇ ಒಂದೇ ಕಡತವಾಗಿ. ವಿಂಡೋಸ್‌ನಲ್ಲಿ ಇಮ್‌ಗ್‌ಬರ್ನ್ ಅನ್ನುವ ಪ್ರೋಗ್ರಾಂ ಸಾಕು. ಓದಲು ಕಷ್ಟಪಡುವ ಸಿಡಿಗೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಒಳ್ಳೆಯದು. ಅದು ಕೆಟ್ಟ ಭಾಗಕ್ಕೆ ಹಠ ಹಿಡಿದು ಕೂರುವುದಿಲ್ಲ. ಚೆನ್ನಾಗಿರುವುದನ್ನೆಲ್ಲ ಮೊದಲು ಉಳಿಸಿಕೊಂಡು, ಆಮೇಲೆ ಕೆಟ್ಟ ಜಾಗಕ್ಕೆ ಮರಳುತ್ತದೆ. ಎರಡು ಸಲ, ಆದರೆ ಎರಡು ಬೇರೆ ಡ್ರೈವ್‌ಗಳಲ್ಲಿ ಓದಿಸು. ಎರಡೂ ಇಮೇಜ್‌ಗಳ ಚೆಕ್‌ಸಮ್ ತೆಗೆ. ಚೆಕ್‌ಸಮ್ ಅಂದರೆ ಕಡತದ ಬೆರಳಚ್ಚು ಇದ್ದ ಹಾಗೆ. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಇಡೀ ಸಂಖ್ಯೆ ಬದಲಾಗುತ್ತದೆ. ಎರಡೂ ಒಂದೇ ಬಂದರೆ ನಿನ್ನ ನಕಲು ಸರಿ ಇದೆ. ಆ ಸಂಖ್ಯೆಯನ್ನು ವಹಿಯಲ್ಲಿ ಬರೆದಿಡು. ಮೂಲ ಸಿಡಿ ಕವರಿಗೆ ಹೋಗಲಿ. ಇನ್ನು ಮುಂದಿನ ಎಲ್ಲ ಕೆಲಸ ನಕಲಿನ ಮೇಲೆ.

ಈಗ ಒಳಗೆ ನೋಡೋಣ. ಹಾಫ್ ಲೈಫ್ ಮಾಡ್‌ಗಳಲ್ಲಿ ‘ಲಿಬ್‌ಲಿಸ್ಟ್’ ಅನ್ನುವ ಒಂದು ಸಣ್ಣ ಕಡತ ಇರುತ್ತದೆ. ‘ಸಿಸ್ಟ್ರೈಕ್’ ಫೋಲ್ಡರಿನಲ್ಲೇ ಹುಡುಕು. ಅದರ ಕೊನೆಗೆ ‘ಗ್ಯಾಮ್’ ಅಂತ ಇರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದು. ಮಾಡ್‌ನ ಹೆಸರು, ಆವೃತ್ತಿ ಅಲ್ಲಿ ಬರೆದಿರುತ್ತಾರೆ. ಅಲ್ಲಿ ಸಂಖ್ಯೆ ಕಂಡಿತು ಅಂತ ಕೆಲಸ ಮುಗಿಯಲಿಲ್ಲ. ಯಾರು ಬೇಕಾದರೂ ತಿದ್ದಬಹುದಾದ ಕಡತ ಅದು.

ಇದಕ್ಕಿಂತ ಗಟ್ಟಿ ಸಾಕ್ಷಿ ಮ್ಯಾಪ್‌ಗಳದ್ದು. ಮ್ಯಾಪ್ ಅಂದರೆ ಗೇಮಿನೊಳಗೆ ಆಟ ನಡೆಯುವ ಜಾಗ. ಹಳೆಯ ಬರಹವೊಂದರಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಮಾತು ಬಂದರೆ ಅದು ಎಷ್ಟು ಹಳೆಯದು ಅಂತ ಹೇಳುತ್ತೀಯಾ? ಕೆಂಪು ಮೆಣಸಿನಕಾಯಿ ನಮ್ಮ ನೆಲಕ್ಕೆ ಬಂದದ್ದೇ ಪೋರ್ಚುಗೀಸರ ಹಡಗಿನಲ್ಲಿ. ಹಾಗಾಗಿ ಆ ಬರಹ ಅವರು ಬಂದ ಮೇಲಿನದು. ಅದಕ್ಕಿಂತ ಹಿಂದಿನದಂತೂ ಆಗಲಾರದು. ಗೇಮ್‌ಗಳ ಕಾಲ ಗುರುತಿಸುವುದೂ ಹೀಗೆಯೇ. ಕೌಂಟರ್ ಸ್ಟ್ರೈಕ್‌ನ ಮೊದಲ ಬೀಟಾದಲ್ಲಿ ಬಾಂಬ್ ಇಡುವ ಆಟವೇ ಇರಲಿಲ್ಲ. ಒತ್ತೆಯಾಳುಗಳನ್ನು ಬಿಡಿಸುವುದಷ್ಟೇ ಇತ್ತು. ಮ್ಯಾಪ್‌ಗಳ ಹೆಸರೆಲ್ಲ ‘ಸಿಎಸ್’ ಅಕ್ಷರಗಳಿಂದ ಶುರುವಾಗುತ್ತಿದ್ದವು. ಬಾಂಬ್ ಬಂದದ್ದು 1999ರ ಕೊನೆಗೆ, ನಾಲ್ಕನೇ ಬೀಟಾದಲ್ಲಿ. ‘ಡಿಇ’ ಅಂತ ಶುರುವಾಗುವ ಮ್ಯಾಪ್‌ಗಳು, ಹೆಸರುವಾಸಿಯಾದ ಡಸ್ಟ್ ಕೂಡ, ಅಲ್ಲಿಂದ ಮುಂದಿನವು. ಡಸ್ಟ್-2 ಅಂತೂ 2001ರದ್ದು. ನಿನ್ನ ಸಿಡಿಯ ಮ್ಯಾಪ್ ಫೋಲ್ಡರಿನಲ್ಲಿ ಡಸ್ಟ್-2 ಇದ್ದರೆ ಆ ಸಿಡಿ ಬರೆದದ್ದು ಬಿಡುಗಡೆಯ ನಂತರವೇ. ಮೇಲೆ ಬೀಟಾ ಅಂತ ಎಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಅಷ್ಟೇ.

ಆದರೆ ಇಲ್ಲೂ ಒಂದು ಎಚ್ಚರ ಬೇಕು. ಆ ಕಾಲದ ಕೆಫೆಯವರು ಹಳೆಯ ಫೋಲ್ಡರಿಗೇ ಹೊಸ ಮ್ಯಾಪ್ ತಂದು ಸೇರಿಸುತ್ತಿದ್ದರು. ಗಿರಾಕಿ ಕೇಳಿದರೆ ಕೊಡಬೇಕಲ್ವಾ. ಹಸ್ತಪ್ರತಿ ಓದುವ ನಮ್ಮ ವಿದ್ವಾಂಸರಿಗೆ ಈ ತೊಡಕು ಹಳೆಯದು. ಕವಿ ಬರೆದ ಪದ್ಯಗಳ ನಡುವೆ ಮುಂದಿನ ಕಾಲದ ಲಿಪಿಕಾರ ತನ್ನದೊಂದು ಪದ್ಯ ಸೇರಿಸಿದರೆ ಅದನ್ನು ಪ್ರಕ್ಷಿಪ್ತ ಅನ್ನುತ್ತಾರೆ. ಒಂದು ಪ್ರಕ್ಷಿಪ್ತ ಪದ್ಯ ಸಿಕ್ಕಿತು ಅಂತ ಇಡೀ ಕಾವ್ಯವನ್ನು ಹೊಸದು ಅನ್ನುವುದಿಲ್ಲ. ಹಾಗೆಯೇ ಡಸ್ಟ್-2 ಸಿಕ್ಕಿದರೆ ಸಿಡಿಯ ಕಾಲ ತಿಳಿಯಿತು ಅಷ್ಟೇ. ಒಳಗಿನ ಗೇಮ್ ಹಳೆಯದೇ ಇರಬಹುದು. ಅದಕ್ಕೆ ಗೇಮ್ ನಡೆಸುವ ಡಿಎಲ್‌ಎಲ್ ಕಡತ ನೋಡಬೇಕು. ವಿಂಡೋಸ್‌ನ ಇಂಥ ಕಡತಗಳ ತಲೆಭಾಗದಲ್ಲಿ ಅದನ್ನು ಕಂಪೈಲ್ ಮಾಡಿದ, ಅಂದರೆ ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸಿದ, ಹೊತ್ತು ಸೇರಿಕೊಂಡಿರುತ್ತದೆ. ಕಡತವನ್ನು ಎಷ್ಟು ಸಲ ನಕಲು ಮಾಡಿದರೂ ಅದು ಬದಲಾಗುವುದಿಲ್ಲ. ಫೋಲ್ಡರಿನಲ್ಲಿ ಕಾಣುವ ತಾರೀಖಿಗಿಂತ ಇದು ಹೆಚ್ಚು ನಂಬಿಕೆಗೆ ಯೋಗ್ಯ. ಫೋಲ್ಡರಿನಲ್ಲಿ 1980ರ ಜನವರಿ 1 ಅಂತ ಕಂಡರೆ ಗಾಬರಿ ಬೇಡ. ಯಾವುದೋ ಕಂಪ್ಯೂಟರಿನ ಗಡಿಯಾರದ ಬ್ಯಾಟರಿ ಸತ್ತಿತ್ತು ಅಂತ ಅರ್ಥ.

ಹೀಗೆ ನಾಲ್ಕಾರು ಕಡೆಯಿಂದ ಬಂದ ಸಾಕ್ಷಿ ಒಂದೇ ಮಾತು ಹೇಳಿದರೆ ಮಾತ್ರ ‘ಇದು ಇಂಥ ಆವೃತ್ತಿ’ ಅಂತ ಬರಿ. ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಈ ತಪ್ಪು ಮಾಡಿದ್ದೇನೆ. 2005ರ ಸುಮಾರಿಗೆ ಧಾರವಾಡದ ಒಂದು ಕೆಫೆಯಲ್ಲಿ ವೈಸ್ ಸಿಟಿ ಗೇಮ್ ನೋಡಿದೆ. ಕಾರುಗಳೆಲ್ಲ ಬೇರೆ, ಹೆಸರೂ ಬೇರೆ. ಬಿಡುಗಡೆಗೆ ಮುಂಚಿನ ಆವೃತ್ತಿಯೇ ಸಿಕ್ಕಿತು ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಹೊರದೇಶದ ಅಭಿಮಾನಿಗಳಿಗೆ ದೊಡ್ಡದಾಗಿ ಬರೆದೆ. ಒಬ್ಬರು ಶಾಂತವಾಗಿ ಕಡತಗಳ ಪಟ್ಟಿ ಕೇಳಿದರು. ತೆಗೆದು ನೋಡಿದರೆ ಕಾರುಗಳ ಕಡತಗಳಿಗೆ 2004ರ ತಾರೀಖು. ಕಂಪ್ಯೂಟರಿಗೆ ಆ ಗೇಮ್ ಬಂದದ್ದು 2003ರ ಮೇ ತಿಂಗಳಲ್ಲಿ. ಯಾರೋ ಆಮೇಲೆ ಕಾರು ಬದಲಿಸಿ ಮಾರಿದ ಸಿಡಿ ಅದು. ನಾನು ಬರೆದದ್ದನ್ನು ವಾಪಸ್ ತೆಗೆದುಕೊಂಡೆ. ಆದರೆ ಅಷ್ಟರಲ್ಲಿ ಇಬ್ಬರು ಮೂವರು ಅದನ್ನೇ ನಂಬಿ ಮುಂದೆ ಬರೆದಿದ್ದರು. ತಪ್ಪು ಮಾತು ಹರಡಿದಷ್ಟು ಬೇಗ ತಿದ್ದುಪಡಿ ಹರಡುವುದಿಲ್ಲ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಸ್ಯಾನ್ ಆಂಡ್ರಿಯಾಸ್ ಗೇಮಿನ ಕಾಡಿನಲ್ಲಿ ಬಿಗ್‌ಫುಟ್ ಅನ್ನುವ ದೈತ್ಯ ಇದ್ದಾನೆ ಅಂತ ನಮ್ಮ ಕೆಫೆಗಳಲ್ಲೂ ಹುಡುಗರು ಆಣೆ ಮಾಡಿ ಹೇಳುತ್ತಿದ್ದರು. ಕಡತಗಳನ್ನು ಬಿಚ್ಚಿ ನೋಡಿದವರಿಗೆ ಅಂಥ ಪಾತ್ರ ಸಿಗಲಿಲ್ಲ. ಮಾಡಿದ ಕಂಪನಿಯೂ ಇಲ್ಲ ಅಂದಿತು. ನೋಡಿದೆ ಅಂದವರು ಸುಳ್ಳರಲ್ಲ. ಮಂಜಿನಲ್ಲಿ ಮರ ಕಂಡು ಹೆದರಿದ ಹುಡುಗರು. ಅದಕ್ಕೇ ನಿನ್ನ ವಹಿಯಲ್ಲಿ ಮೂರು ಕಾಲಂ ಇರಲಿ: ನಾನು ಕಂಡದ್ದು, ಬೇರೆಯವರು ಹೇಳಿದ್ದು, ನನ್ನ ಊಹೆ. ಊಹೆ ಮಾಡುವುದು ತಪ್ಪಲ್ಲ. ಊಹೆ ಜಾಗ ಬದಲಿಸಿ ಮೊದಲ ಕಾಲಂಗೆ ಬರಬಾರದು.

ಈಗ ಅಪ್ಪನ ಪ್ರಶ್ನೆಗೆ ಬರುತ್ತೇನೆ. ಅರೆಬರೆ ಗೇಮ್ ಯಾರಿಗೆ ಬೇಕು? ತುಂಬ ಒಳ್ಳೆಯ ಪ್ರಶ್ನೆ ಇದು. ಅಪ್ಪನಿಗೆ ಗದುಗಿನ ವೀರನಾರಾಯಣನ ಗುಡಿಯನ್ನು ನೆನಪು ಮಾಡಿಕೊಡು. ಅಲ್ಲಿ ಕೂತು ಭಾರತ ಬರೆದ ಕುಮಾರವ್ಯಾಸ, ತಾನು ಹಲಗೆ ಬಳಪ ಹಿಡಿಯಲಿಲ್ಲ, ಒಮ್ಮೆ ಇಟ್ಟ ಪದವನ್ನು ಅಳಿಸಲಿಲ್ಲ ಅಂತ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಅದು ಹೆಮ್ಮೆಯ ಮಾತು ಯಾಕಾಯಿತು? ಉಳಿದವರೆಲ್ಲ ಹಲಗೆಯ ಮೇಲೆ ಬರೆದು, ಒರೆಸಿ, ಮತ್ತೆ ಬರೆದು, ಕೊನೆಗೆ ತಾಳೆಗರಿಗೆ ಇಳಿಸುತ್ತಿದ್ದರು. ಗೇಮ್ ಮಾಡುವವರು ಯಾರೂ ಕುಮಾರವ್ಯಾಸನಲ್ಲ. ಎಲ್ಲರೂ ಹಲಗೆ ಬಳಪದವರು. ಅಂಗಡಿಗೆ ಬರುವುದು ಗರಿ. ಒರೆಸಿ ಹಾಕಿದ ಹಲಗೆಯಲ್ಲಿ ಏನಿತ್ತು ಅನ್ನುವುದನ್ನು ಓದುವುದೇ ನಾವು ಮಾಡುವ ಕೆಲಸ. ಮುಗಿದ ಗೇಮ್ ನೋಡಿದರೆ ಅವರು ಏನು ಮಾಡಿದರು ಅಂತ ತಿಳಿಯುತ್ತದೆ. ಮುಗಿಯದ ಗೇಮ್ ನೋಡಿದರೆ ಏನನ್ನು ಬಿಟ್ಟರು, ಯಾವ ಹೊತ್ತಿನಲ್ಲಿ ಮನಸ್ಸು ಬದಲಿಸಿದರು ಅಂತ ತಿಳಿಯುತ್ತದೆ. ಕಲಿಯುವ ಹುಡುಗಿಗೆ ಇದರಷ್ಟು ದೊಡ್ಡ ಪಾಠ ಇಲ್ಲ. ನಿನ್ನ ಬಿಸಿಎ ಪುಸ್ತಕದಲ್ಲಿ ಮುಗಿದ ಪ್ರೋಗ್ರಾಂ ಇರುತ್ತದೆಯೇ ಹೊರತು ಅದನ್ನು ಬರೆದವರು ಪಟ್ಟ ಪಾಡು ಇರುವುದಿಲ್ಲ.

ಒರೆಸಿದ ಹಲಗೆ ಅನ್ನುವುದು ಬರೀ ಹೋಲಿಕೆ ಅಲ್ಲ. ಕೆಲವು ಸಲ ಅಕ್ಷರಶಃ ಹಾಗೇ ಆಗುತ್ತದೆ. ಜೆಲ್ಡಾ ಸರಣಿಯ ಆಕರಿನಾ ಆಫ್ ಟೈಮ್ ಅನ್ನುವ ಗೇಮ್ 1998ರ ನವೆಂಬರ್‌ನಲ್ಲಿ ಬಂತು. ಅದರ ಒಂದು ವರ್ಷ ಮೊದಲು, 1997ರಲ್ಲಿ, ಜಪಾನಿನ ಒಂದು ಪ್ರದರ್ಶನದಲ್ಲಿ ಅದನ್ನು ಮಾಡಿದ ನಿಂಟೆಂಡೊ ಕಂಪನಿ ಅದರ ಮೊದಲಿನ ರೂಪ ತೋರಿಸಿತ್ತು. ಪತ್ರಿಕೆಗಳ ಫೋಟೊ, ಮಸುಕಾದ ವಿಡಿಯೊ ಬಿಟ್ಟರೆ ಅದರದ್ದೇನೂ ಹೊರಗೆ ಉಳಿದಿರಲಿಲ್ಲ. 2021ರ ಜನವರಿಯಲ್ಲಿ ಅಭಿಮಾನಿಗಳ ಕೈಗೆ ಎಫ್-ಜೀರೊ ಎಕ್ಸ್ ಅನ್ನುವ ಬೇರೊಂದು ಗೇಮನ್ನು ತಯಾರಿಸುವ ಹಂತದಲ್ಲಿ ಬಳಸಿದ್ದ ಕ್ಯಾಸೆಟ್ ಬಂತು. ಅದು ರೇಸಿಂಗ್ ಗೇಮ್. ಕ್ಯಾಸೆಟ್ಟಿನಲ್ಲಿ 32 ಎಂಬಿ ಜಾಗ, ಗೇಮ್ ತುಂಬಿದ್ದು 16 ಎಂಬಿ. ಉಳಿದ ಅರ್ಧದಲ್ಲಿ ಏನಿದೆ ಅಂತ ನೋಡಿದರೆ, ಅಲ್ಲಿ ಹಳೆಯ ಜೆಲ್ಡಾ ಇತ್ತು. ಮೊದಲು ಜೆಲ್ಡಾ ಬರೆದಿದ್ದ ಕ್ಯಾಸೆಟ್ಟಿನ ಮೇಲೆಯೇ ರೇಸಿಂಗ್ ಗೇಮ್ ಬರೆದಿದ್ದರು. ಪಾಟಿಯ ಮೇಲರ್ಧ ಒರೆಸಿ ಲೆಕ್ಕ ಬರೆದ ಮಗು, ಕೆಳಗರ್ಧದಲ್ಲಿ ನಿನ್ನೆಯ ಕಾಗುಣಿತ ಹಾಗೇ ಬಿಟ್ಟ ಹಾಗೆ.

ಅರ್ಧವೇ ಸಿಕ್ಕಿದ್ದರಿಂದ ಅದನ್ನು ನೇರವಾಗಿ ಆಡಲು ಬರುತ್ತಿರಲಿಲ್ಲ. ಆದರೂ ಕೊನೆಯ ಗೇಮಿನಲ್ಲಿ ಇಲ್ಲದ ಜಾಗಗಳು, ವಸ್ತುಗಳ ಚಿತ್ರಗಳು ಸಿಕ್ಕವು. ಜನ 20ಕ್ಕೂ ಹೆಚ್ಚು ವರ್ಷ ಹಳೆಯ ಪತ್ರಿಕೆಯ ಫೋಟೊಗಳನ್ನು ಇಟ್ಟುಕೊಂಡು ಊಹಿಸಿದ್ದನ್ನು ಈಗ ಪಕ್ಕದಲ್ಲಿಟ್ಟು ತಾಳೆ ನೋಡಬಹುದಾಯಿತು. ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದು ಒಂದೇ ಸಂಗತಿ. ಆ ಕ್ಯಾಸೆಟ್ ಓದಿದವರು 16 ಎಂಬಿ ಓದಿ ‘ಗೇಮ್ ಸಿಕ್ಕಿತು, ಸಾಕು’ ಅಂತ ನಿಲ್ಲಿಸಲಿಲ್ಲ. ಕಟ್ಟಕಡೆಯ ಬೈಟ್‌ವರೆಗೆ ಓದಿದರು. ಇಡೀ ಸಿಡಿಯ ಇಮೇಜ್ ತೆಗೆ ಅಂತ ನಾನು ಹೇಳಿದ್ದು ಇದಕ್ಕೇ.

ಎಲ್ಲರ ಹತ್ತಿರ ಇದ್ದದ್ದು ಕಳೆದುಹೋಗುವ ಕಥೆ ಹೇಳುತ್ತೇನೆ ಅಂದಿದ್ದೆ. ಮೈನ್‌ಕ್ರಾಫ್ಟ್ ನೀನೂ ಆಡಿರುತ್ತೀಯಾ. ಅದರ ಆಲ್ಫಾ 1.1.1 ಅನ್ನುವ ಆವೃತ್ತಿ 2010ರ ಸೆಪ್ಟೆಂಬರ್‌ನಲ್ಲಿ ಬಂತು. ಅದರಲ್ಲೊಂದು ದೋಷ ಕಂಡಿತು. ಕೆಲವೇ ಗಂಟೆಗಳಲ್ಲಿ ಅದರ ಜಾಗಕ್ಕೆ ಮುಂದಿನದು ಬಂತು. ಆಮೇಲೆ 10 ವರ್ಷ ಅದು ಯಾರಿಗೂ ಸಿಗಲಿಲ್ಲ. ಅಷ್ಟು ಜನಪ್ರಿಯ ಗೇಮಿಗೇ ಈ ಗತಿ. ಕೊನೆಗೆ ಒಬ್ಬರು ಬೇರೆ ದಾರಿ ಹಿಡಿದರು. ಆ ಕೆಲವು ಗಂಟೆಗಳಲ್ಲಿ ‘ಹೊಸ ಅಪ್‌ಡೇಟ್ ಹಾಕಿಕೊಂಡೆ’ ಅಂತ ಟ್ವೀಟ್ ಮಾಡಿದ್ದವರನ್ನು ಹುಡುಕಿ ಕೇಳುತ್ತಾ ಹೋದರು. 2021ರ ಜೂನ್‌ನಲ್ಲಿ ಅಂಥ ಒಬ್ಬರ ಹಳೆಯ ಕಡತಗಳಲ್ಲಿ ಅದು ಸಿಕ್ಕಿತು. ಅವರಿಗೆ ತಮ್ಮ ಹತ್ತಿರ ಅಂಥ ವಸ್ತು ಇದೆ ಅನ್ನುವ ಅರಿವೇ ಇರಲಿಲ್ಲ. ನಿನ್ನ ಕಾಕಾನ ಹಾಗೆ.

ಪ್ರಿನ್ಸ್ ಆಫ್ ಪರ್ಶಿಯಾ ಗೊತ್ತಲ್ವಾ, ನಿಮ್ಮ ಅಪ್ಪನಿಗಂತೂ ಗೊತ್ತಿರುತ್ತದೆ. 1989ರ ಆ ಗೇಮಿನ ಮೂಲ ಕೋಡ್ ಕಳೆದೇ ಹೋಯಿತು ಅಂತ ಬರೆದವರೇ ನಂಬಿದ್ದರು. 2012ರಲ್ಲಿ ಅವರ ತಂದೆ ಕಪಾಟಿನ ಹಿಂದೆ ಬಿದ್ದಿದ್ದ ಒಂದು ಪೆಟ್ಟಿಗೆ ಕಳಿಸಿದರು. ಅದರಲ್ಲಿ ಫ್ಲಾಪಿಗಳಿದ್ದವು. ಹಳೆಯ ಯಂತ್ರ ಬಲ್ಲ ಇಬ್ಬರು ಬಂದು ಜತನದಿಂದ ಓದಿ ತೆಗೆದರು. ಇವತ್ತು ಆ ಕೋಡನ್ನು ಯಾರು ಬೇಕಾದರೂ ಓದಬಹುದು. ಅಪ್ಪನಿಗೆ ಹೇಳು, ಆ ಪೆಟ್ಟಿಗೆಯನ್ನು ಅಷ್ಟು ವರ್ಷ ರದ್ದಿಗೆ ಹಾಕದೇ ಇಟ್ಟವರೂ ಒಬ್ಬ ಅಪ್ಪನೇ.

ಫ್ಲಾಪಿ ಮಾತು ಬಂತು, ನಿನ್ನ 11 ಫ್ಲಾಪಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಮೂಲೆಯಲ್ಲಿರುವ ಸಣ್ಣ ತಡೆಯನ್ನು ಸರಿಸಿ ತೂತು ತೆರೆ. ತೂತು ತೆರೆದಿದ್ದರೆ ಕಂಪ್ಯೂಟರ್ ಅದರ ಮೇಲೆ ಏನೂ ಬರೆಯಲಾರದು. ಲೋಹದ ಬಾಗಿಲು ಸರಿಸಿ ಒಳಗಿನ ಕಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡು. ಬಿಳಿ ಚುಕ್ಕೆ ಇದ್ದರೆ ಬೂಷ್ಟು. ನಮ್ಮ ಕಡೆಯ ಮಳೆಗಾಲದಲ್ಲಿ ಅದು ಬಾರದೇ ಇದ್ದರೆ ಆಶ್ಚರ್ಯ. ಬೂಷ್ಟು ಹಿಡಿದದ್ದನ್ನು ಡ್ರೈವಿಗೆ ಹಾಕಲೇ ಬೇಡ. ಫ್ಲಾಪಿಯೂ ಹೋಗುತ್ತದೆ, ಡ್ರೈವೂ ಹೋಗುತ್ತದೆ. ಗ್ರೀಸ್‌ವೀಝಲ್ ಅನ್ನುವ ಸಣ್ಣ ಬೋರ್ಡ್ ಸಿಗುತ್ತದೆ. ಹಾಳೆಯ ಮೇಲಿನ ಕಾಂತೀಯ ಏರಿಳಿತವನ್ನೇ ನೇರವಾಗಿ ದಾಖಲಿಸುತ್ತದೆ. ತುಂಬ ಮುಖ್ಯ ಅನ್ನಿಸಿದ ಫ್ಲಾಪಿಗೆ ಅದೇ ಸರಿ.

ಹೆಸರಿಲ್ಲದ ಕ್ಯಾಸೆಟ್ ಮೇಲೆ ನನಗೂ ಕುತೂಹಲ. ಅದನ್ನು ಸುಲಭವಾಗಿ ಬಿಚ್ಚಬಹುದಾದರೆ ಮಾತ್ರ ಬಿಚ್ಚು. ಒಳಗಿನ ಬೋರ್ಡಿನ ಮೇಲೆ ಕರಿ ಡಾಂಬರಿನ ಬೊಟ್ಟು ಇಟ್ಟ ಹಾಗೆ ಕಂಡರೆ ಅದು ಸಾವಿರಗಟ್ಟಲೆ ತಯಾರಾದ ನಕಲಿ ಕ್ಯಾಸೆಟ್ ಇರಬಹುದು. ಚಿಪ್‌ನ ನಡುವೆ ಸಣ್ಣ ಗಾಜಿನ ಕಿಟಕಿ ಕಂಡರೆ ಅಲ್ಲೇ ನಿಲ್ಲು. ಅದು ಇಪ್ರಾಮ್. ಆ ಕಿಟಕಿಯಿಂದ ನೇರಳಾತೀತ ಬೆಳಕು ಒಳಗೆ ಹೋದರೆ ಬರೆದದ್ದು ಅಳಿಸುತ್ತದೆ, ಬಿಸಿಲೂ ಅದನ್ನೇ ಮಾಡುತ್ತದೆ. ಮೇಲೆ ಚೀಟಿ ಅಂಟಿಸಿದ್ದರೆ ಕೀಳಬೇಡ. ಇಲ್ಲದಿದ್ದರೆ ಬೆಳಕು ಹಾಯದ ಟೇಪ್ ಹಚ್ಚು.

ನಕಲಿ ಕ್ಯಾಸೆಟ್ ಆದರೂ ಬಿಸಾಡಬೇಡ. ಸೋನಿಕ್-2 ಗೇಮ್ 1992ರಲ್ಲಿ ಬಂತು. ಅದಕ್ಕೆ ಮುಂಚೆ ಪತ್ರಿಕೆಗಳಲ್ಲಿ ಹಿಡನ್ ಪ್ಯಾಲೆಸ್ ಅನ್ನುವ, ಹಸಿರು ಹರಳುಗಳು ಹೊಳೆಯುವ ಗುಹೆಯ ಚಿತ್ರ ಬಂದಿತ್ತು. ಗೇಮ್ ಕೈಗೆ ಬಂದಾಗ ಆ ಗುಹೆ ಇರಲಿಲ್ಲ. ಹುಡುಗರು ವರ್ಷಗಟ್ಟಲೆ ಗೋಡೆಗೋಡೆ ಮುಟ್ಟಿ ಹುಡುಕಿದರು. 90ರ ದಶಕದ ಕೊನೆಗೆ ಗೇಮಿನ ಮುಂಚಿನ ರೂಪ ಸಿಕ್ಕಿದಾಗ ಗುಹೆ ಅದರಲ್ಲಿತ್ತು. ಆ ರೂಪ ಲೋಕದಲ್ಲಿ ಓಡಾಡಿದ್ದೇ ನಕಲಿ ಕ್ಯಾಸೆಟ್‌ಗಳ ಮೂಲಕ. 2013ರಲ್ಲಿ ಮೊಬೈಲಿಗೆ ಬಂದ ಹೊಸ ಆವೃತ್ತಿಯಲ್ಲಿ ಸೆಗಾ ಕಂಪನಿಯೇ ಆ ಗುಹೆಯನ್ನು ಪೂರ್ತಿ ಮಾಡಿ ಸೇರಿಸಿತು. ಇಂಥ ಆವೃತ್ತಿಗಳನ್ನು ಉಳಿಸುವ ಒಂದು ದೊಡ್ಡ ಗುಂಪು ತನಗೆ ಹಿಡನ್ ಪ್ಯಾಲೆಸ್ ಅಂತಲೇ ಹೆಸರಿಟ್ಟುಕೊಂಡಿದೆ. 2021ರಲ್ಲಿ ಅವರು ಪ್ಲೇಸ್ಟೇಷನ್-2 ಯಂತ್ರದ ಗೇಮ್‌ಗಳ 700ಕ್ಕೂ ಹೆಚ್ಚು ಮುಂಚಿನ ಆವೃತ್ತಿಗಳನ್ನು ಒಂದೇ ಸಲಕ್ಕೆ ಹೊರತಂದರು. ಬಳಸದೇ ಬಿಟ್ಟ ಚಿತ್ರ, ಸಂಗೀತ, ಮಾತುಗಳನ್ನು ಗೇಮ್‌ವಾರು ದಾಖಲಿಸುವ ಕಟಿಂಗ್ ರೂಮ್ ಫ್ಲೋರ್ ಅನ್ನುವ ಇನ್ನೊಂದು ಗುಂಪಿದೆ. ನೀನು ಕೆಲಸ ಕಲಿಯಲು ಇದು ಒಳ್ಳೆಯ ಜಾಗ. ಮೊದಲು ಅವರು ಒಂದು ಗೇಮಿನ ಬಗ್ಗೆ ಹೇಗೆ ಬರೆದಿದ್ದಾರೆ ಅಂತ ಓದು. ಆಮೇಲೆ ನಿನಗೆ ಬಾಯಿಪಾಠ ಆಗಿರುವ ಒಂದೇ ಒಂದು ಗೇಮ್ ಆರಿಸಿಕೋ.

ನಿನ್ನ ಟ್ರಂಕಿನಲ್ಲಿ ನನ್ನ ಕಣ್ಣು ಹೆಚ್ಚು ಹೋಗುವುದು ಬೀಟಾ ಸಿಡಿಯ ಮೇಲಲ್ಲ. ಪತ್ರಿಕೆಗಳ ಜೊತೆ ಬಂದ ಡೆಮೊ ಸಿಡಿಗಳು, ಅಂದರೆ ಗೇಮಿನ ಒಂದು ತುಣುಕನ್ನು ರುಚಿ ನೋಡಲು ಕೊಟ್ಟ ಸಿಡಿಗಳು, ಇದ್ದರೆ ಅವುಗಳ ಮೇಲೆ. ಜನ ಅವನ್ನು ಜಾಹೀರಾತು ಅಂತ ಕಡೆಗಣಿಸುತ್ತಾರೆ. ಆದರೆ ಡೆಮೊವನ್ನು ಎಷ್ಟೋ ಸಲ ಗೇಮ್ ಮುಗಿಯುವ ಮೊದಲೇ ಕತ್ತರಿಸಿ ಕೊಡುತ್ತಿದ್ದರು. ಹಾಗಾಗಿ ಮುಗಿದ ಗೇಮಿನಲ್ಲಿ ಬದಲಾದ ಪರದೆ, ಧ್ವನಿ, ಆಯುಧ ಅದರಲ್ಲಿ ಹಾಗೇ ಉಳಿದಿರುತ್ತವೆ. ಪತ್ರಿಕೆಯ ತಿಂಗಳು ಗೊತ್ತಿರುವುದರಿಂದ ಕಾಲದ ಗೊಂದಲವೂ ಕಡಿಮೆ. ಅಚ್ಚಾದ ಸಿಡಿ ಆದ್ದರಿಂದ ನಂತರ ಯಾರೂ ಏನೂ ಸೇರಿಸಿರಲಾರರು. ನಿನ್ನ ಮೊದಲ ದಾಖಲೆ ಅಲ್ಲಿಂದಲೇ ಶುರುವಾಗಲಿ ಅನ್ನುವುದು ನನ್ನ ಆಸೆ.

ಕಾನೂನಿನ ವಿಷಯ ನೇರವಾಗಿ ಹೇಳುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಗಳ ಸಾಲಿಗೇ ಸೇರುತ್ತದೆ. ಗೇಮ್ ಹಳೆಯದಾಯಿತು, ಕಂಪನಿ ಮಾರುವುದನ್ನು ಬಿಟ್ಟಿತು ಅಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಪುಕ್ಕಟೆ ಹಂಚಿದ್ದರೂ ಹಕ್ಕು ಇರುತ್ತದೆ. ಕಾಯ್ದೆಯ 52ನೇ ಕಲಮು ನ್ಯಾಯವಾಗಿ ಪಡೆದ ಪ್ರತಿಗೆ ಒಂದಿಷ್ಟು ಅವಕಾಶ ಕೊಡುತ್ತದೆ. ಹಾಳಾದೀತು ಅಂತ ಬ್ಯಾಕಪ್ ತೆಗೆದಿಡಬಹುದು. ಪ್ರೋಗ್ರಾಂ ಹೇಗೆ ನಡೆಯುತ್ತದೆ ಅಂತ ಗಮನಿಸಿ ಅಭ್ಯಾಸ ಮಾಡಬಹುದು. ಪತ್ರಿಕೆಯ ಸಿಡಿಗೆ ಇದು ಹೊಂದುತ್ತದೆ. ಕೆಫೆಯಲ್ಲಿ ಯಾರೋ ಬರೆದುಕೊಟ್ಟ ಸಿಡಿಗೆ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಹಾಗಾಗಿ ಇಡೀ ಗೇಮನ್ನು ಎಲ್ಲರಿಗೂ ಹಂಚಲು ಹೋಗಬೇಡ. ನೀನು ಕಂಡದ್ದನ್ನು ನಿನ್ನ ಮಾತಿನಲ್ಲಿ ಬರೆ. ಕಡತಗಳ ಪಟ್ಟಿ, ತಾರೀಖು, ಚೆಕ್‌ಸಮ್ ಕೊಡು. ಸಂಶೋಧನೆಗೆ ಬೇಕಾದದ್ದು ಬಹುಪಾಲು ಅದೇ.

ಇನ್ನೊಂದು ಗೆರೆ ಇದೆ. ಅದನ್ನು ಯಾವತ್ತೂ ದಾಟಬೇಡ. 2003ರಲ್ಲಿ ಹಾಫ್ ಲೈಫ್-2ರ ಕೋಡನ್ನು ವಾಲ್ವ್‌ನ ನೆಟ್‌ವರ್ಕಿಗೆ ನುಗ್ಗಿ ಕದ್ದರು. 2022ರಲ್ಲಿ, ಆಗಿನ್ನೂ ತಯಾರಾಗುತ್ತಿದ್ದ ಜಿಟಿಎ-6 ಗೇಮಿನ ಸುಮಾರು 90 ವಿಡಿಯೊ ತುಣುಕುಗಳು ಹಾಗೆಯೇ ಹೊರಗೆ ಬಂದವು. ಹುಡುಗನೊಬ್ಬನ ಮೇಲೆ ಕೇಸು ನಡೆದು ಇಂಗ್ಲೆಂಡಿನ ಕೋರ್ಟ್ ಅವನನ್ನು ಆಸ್ಪತ್ರೆಯ ಬಂಧನದಲ್ಲಿ ಇಟ್ಟಿತು. ಅಭಿಮಾನಿಗಳಿಗೆ ಅದರಿಂದ ಎಷ್ಟೋ ತಿಳಿಯಿತು, ನಿಜ. ಆದರೆ ಇನ್ನೂ ಹಲಗೆಯ ಮೇಲೆ ಬರೆಯುತ್ತಿರುವವರ ಕೈಯಿಂದ ಹಲಗೆ ಕಿತ್ತುಕೊಳ್ಳುವುದಕ್ಕೂ, 25 ವರ್ಷ ಹಿಂದೆ ಬಿಸಾಡಿದ ಹಲಗೆ ಎತ್ತಿಟ್ಟುಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಮೊದಲನೆಯದು ಕಳವು. ಅಂಥ ಕಡತ ಯಾರಾದರೂ ಕಳಿಸಿದರೆ ತೆರೆಯಬೇಡ.

ಮಾರುವ ಬಗ್ಗೆ: ಟ್ರಂಕು ಕಾಕಾನದು, ತೀರ್ಮಾನವೂ ಅವರದು. ನನ್ನ ಕೋರಿಕೆ ಇಷ್ಟೇ. ಸರಿಯಾದ ನಕಲು ತೆಗೆದು, ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇಡುವ ತನಕ ಒಂದು ಸಿಡಿಯನ್ನೂ ಮನೆಯಿಂದ ಹೊರಗೆ ಬಿಡಬೇಡಿ. ಕೊಂಡವರು ಬೀಗ ಹಾಕಿಟ್ಟರೆ ಅದು ಮತ್ತೆ ಬೆಳಕು ಕಾಣುವುದಿಲ್ಲ. ಸಿಡಿಗೆ ಆಯುಷ್ಯವೂ ಇದೆ. ಮನೆಯಲ್ಲಿ ಬರೆದ ಸಿಡಿಯಲ್ಲಿ ಬಣ್ಣದ ಒಂದು ತೆಳು ಪದರ ಇರುತ್ತದೆ, ಅದು ವರ್ಷಗಳಲ್ಲಿ ಮಾಸುತ್ತದೆ. ನಿನ್ನವು ಬಹುಪಾಲು 20 ವರ್ಷ ದಾಟಿವೆ. ಈ ಮಳೆಗಾಲದ ಮೊದಲು ಕೆಲಸ ಮುಗಿಸು.

ಆದರೆ ಡ್ರೈವಿಗೆ ಸಿಡಿ ಹಾಕುವ ಮೊದಲೇ ಒಂದು ಸಂಜೆ ಕಾಕಾನ ಜೊತೆ ಕೂರು. ಚಹಾ ಮಾಡಿಕೊಂಡು ಹೋಗು, ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳಲಾ ಅಂತ ಕೇಳು. ಸಿಡಿಗಳು ಎಲ್ಲಿಂದ ಬರುತ್ತಿದ್ದವು? ಯಾರು ತಂದು ಕೊಡುತ್ತಿದ್ದರು? ಎಷ್ಟು ಕಂಪ್ಯೂಟರ್ ಇದ್ದವು, ಹುಡುಗರು ಯಾವ ಮ್ಯಾಪ್ ಕೇಳುತ್ತಿದ್ದರು, ಹೊಸ ಆವೃತ್ತಿ ಬಂದಾಗ ಹಳೆಯದನ್ನು ಏನು ಮಾಡುತ್ತಿದ್ದರು? ಹುಬ್ಬಳ್ಳಿಗೆ ಗೇಮ್‌ಗಳು ಹೇಗೆ ಬಂದವು ಅನ್ನುವುದನ್ನು ಯಾವ ಚೆಕ್‌ಸಮ್ಮೂ ಹೇಳುವುದಿಲ್ಲ. ಕೊನೆಗೆ ಆ ಸಿಡಿ ಅವರ ಕೈಗೆ ಕೊಟ್ಟು, ‘ಬೀಟಾ’ ಅಂತ ಬರೆದ ಅಕ್ಷರ ಯಾರದು ಅಂತ ಕೇಳು. ಅವರದೇ ಆಗಿದ್ದರೆ, ಅವತ್ತು ಯಾಕೆ ಹಾಗೆ ಬರೆದರು ಅನ್ನುವುದು ಅವರೊಬ್ಬರಿಗೇ ಗೊತ್ತು.